ಕೊರಳಪಟ್ಟಿ

ಆ ವರ್ಷ ನನಗೆ ಇಪ್ಪತ್ತಾರು. ಜೀಪಿನ ಹಿಂದೆ
ಒಂದು ಕರಿಹಲಗೆ, ಎರಡು ಡಬ್ಬಿ ಸೀಮೆಸುಣ್ಣ,
ರಬ್ಬರ್ ಬ್ಯಾಂಡು ಹಾಕಿದ ಗುಲಾಬಿ ಕಾಗದ, ನೀಲಿ ಕಾಗದ.
ಗುಲಾಬಿಗೆ ಕುರಿ ಬರುತ್ತದೆ, ನೀಲಿಗೆ ಕಾರ್ಖಾನೆಯ ಪಾಲು,
ಗೋಬಿಯ ಒಂದೊಂದು ಗುಡಾರಕ್ಕೂ ಹೋಗಿ ತಿಳಿಸಿ ಬಾ
ಎಂದು ಉಲಾನ್‌ಬಾತರ್ ನನ್ನನ್ನು ಕಳಿಸಿತ್ತು.

ನಂಬಿದ್ದೆ. ಸಂಬಳ ಕೊಡದಿದ್ದರೂ ನಂಬುತ್ತಿದ್ದೆ.
ಸಕ್ಕರೆಗೆ ಸಾಲು ನಿಂತು ಬೆಳೆದವನು ನಾನು;
ಸತ್ತ ಕುರಿಗೂ ಲೆಕ್ಕ ಒಪ್ಪಿಸಬೇಕಾಗಿ ಅಪ್ಪ
ಸಹಕಾರಿ ಸಂಘದ ಅಧ್ಯಕ್ಷನ ಮುಂದೆ
ಟೊಪ್ಪಿ ತೆಗೆದು ನಿಂತದ್ದನ್ನು ಕಂಡವನು.
ಬೆಲೆ ಸುಳ್ಳು ಹೇಳುವುದಿಲ್ಲ ಎನ್ನುತ್ತ
ಹಲಗೆಯ ಮೇಲೆ ಎರಡು ಗೆರೆ ಎಳೆದೆ,
ಏರುವುದೊಂದು, ಇಳಿಯುವುದೊಂದು,
ಅವು ಕೂಡುವ ಕಡೆ ಬೊಟ್ಟು ಮಾಡಿ ತೋರಿಸಿದೆ.

ದುಲ್ಮಾ ಉಪ್ಪುಚಹಾ ಸೌಟಿನಲ್ಲಿ ಎತ್ತಿ ಹೊಯ್ಯುತ್ತ ಕೇಳಿದಳು:
"ಮಗಾ, ಬಾವಿ ಯಾವ ಬಣ್ಣದ ಕಾಗದಕ್ಕೆ?"

ನಗು ಬಂತು ನನಗೆ. ನಕ್ಕೆ ಕೂಡ.

ಹಿಮ ಬೀಳುವ ಮುಂಚೆ ಬಾವಿಯನ್ನೂ ಹಂಚಿದರು, ಕಾಯಿದೆ ಪ್ರಕಾರವೇ.
ಇಂಜಿನ್ನು ಜಿಗ್ಜಿದನಿಗೆ, ಕೊಳವೆ ಅವನ ಷಡ್ಡಕನಿಗೆ,
ತಗಡಿನ ಮಾಡು ಒಬ್ಬನಿಗೆ, ತೊಟ್ಟಿ ಇನ್ನಿಬ್ಬರಿಗೆ ಅರ್ಧರ್ಧ.
ಯಾರೂ ಕದಿಯಲಿಲ್ಲ. ಎಲ್ಲರೂ ಸಹಿ ಹಾಕಿದರು.
ದಕ್ಷಿಣದ ಗಡಿ ದಾಟಿ ಬಂದ ಗುಜರಿ ಲಾರಿ
ಕಿಲೋ ಲೆಕ್ಕದಲ್ಲಿ ಒಳ್ಳೆಯ ಬೆಲೆಯನ್ನೇ ಕೊಟ್ಟಿತು.
ನೆಲದಲ್ಲಿ ಉಳಿದದ್ದು ತೂತು.
ಅದು ಯಾರ ಪಾಲಿಗೂ ಬಂದಿರಲಿಲ್ಲ.

ಪರಿವರ್ತನೆಯ ಕಾಲದ ನೋವು, ಎಂದು ವರದಿ ಬರೆದೆ,
ನೀರಿಗೆ ಬೇಡಿಕೆ ಇದ್ದರೆ ಯಾರಾದರೂ ತೋಡಿಯಾರು.
ಮರುವರ್ಷ ಅದೇ ವಾಕ್ಯ. ಅದರ ಮರುವರ್ಷ
ಟೈಪಿಸ್ಟ್ ಹೆಂಗಸು ನನ್ನನ್ನು ಕೇಳದೆಯೇ ಹೊಡೆದುಕೊಟ್ಟಳು.

ಮೇಕೆಯ ನವಿರಿಗೆ ಬೆಲೆ ಏರಿತು, ಊರೆಲ್ಲ ಮೇಕೆ.
ಕುರಿ ಹುಲ್ಲು ಮೇಯುತ್ತದೆ;
ಮೇಕೆ ಬರುವ ವರ್ಷದ ಹುಲ್ಲನ್ನೂ.
ಆಮೇಲೆ ಝುದ್ ಬಂತು, ನೆಲಕ್ಕೆ
ಮಂಜಿನ ಬೀಗ ಜಡಿಯುವ ಚಳಿಗಾಲ.
ಗೊಂಬೊಸುರೆನ್ನನ ನಾನೂರು ಮೇಕೆ ನಿಂತಲ್ಲೇ ನಿಂತವು
ಫೆಬ್ರವರಿಯಿಂದ ಏಪ್ರಿಲ್‌ವರೆಗೆ.

ಅಷ್ಟಕ್ಕೇ ನನ್ನ ನಂಬಿಕೆ ಕುಸಿಯಿತೆಂದರೆ ಸುಳ್ಳು.
ಹವಾಮಾನಕ್ಕೂ ಪುಸ್ತಕದಲ್ಲಿ ಒಂದು ಅಧ್ಯಾಯವಿತ್ತು.

ಕುಸಿದದ್ದು ಹಳೆಯ ಡೈರಿಯ ಒಂದು ಸಾಲಿನಿಂದ,
ಕೈಬರಹ ನನ್ನದೇ:
ದುಲ್ಮಾ. ನೀಲಿ, ಒಂದು. ಹಿಟ್ಟು, ಇಪ್ಪತ್ತೈದು ಕಿಲೋ.
ಆ ಚಳಿಗಾಲ ಅಂಗಡಿಯಲ್ಲಿ ಹಿಟ್ಟಿರಲಿಲ್ಲ, ಜೀಪಿನಲ್ಲಿತ್ತು.
ಅವಳಿಗೆ ಕಾಗದ ಬೇಡವಾಗಿತ್ತು, ನನಗೆ ಹಿಟ್ಟು.
ಇಬ್ಬರೂ ಒಪ್ಪಿದ ಬೆಲೆ. ಗೆರೆಗಳು ಸರಿಯಾಗಿಯೇ ಕೂಡಿದ್ದವು.
ಚೀಲ ಇಳಿಸಿದಾಗ ಅವಳು ನನ್ನ ಅಂಗೈಯನ್ನು
ತನ್ನ ಹಣೆಗೆ ಒತ್ತಿಕೊಂಡಿದ್ದಳು.
ಅದನ್ನು ಬರೆದಿಲ್ಲ ಡೈರಿಯಲ್ಲಿ.
ಆ ನೀಲಿಗೆ ನನಗೆ ದಕ್ಕಿದ್ದು, ಆರೇ ತಿಂಗಳಲ್ಲಿ ಬಾಗಿಲು ಹಾಕಿದ
ಹಿಟ್ಟಿನ ಗಿರಣಿಯಲ್ಲಿ ಒಂದು ಪಾಲು.

ನಮ್ಮ ಮಾತಿನಲ್ಲಿ ಸಂತೆಗೆ ಝಾಖ್ ಎನ್ನುತ್ತಾರೆ.
ಅಂಚಿಗೂ ಝಾಖ್. ಅಂಗಿಯ ಕೊರಳಪಟ್ಟಿಗೂ ಅದೇ.
ಮನುಷ್ಯನಿಗೊಬ್ಬ ಅಣ್ಣ, ಅಂಗಿಗೊಂದು ಕೊರಳಪಟ್ಟಿ
ಎಂದು ಗಾದೆಯೂ ಇದೆ, ಅಜ್ಜಿಯರ ಬಾಯಲ್ಲಿ.
ಎಷ್ಟು ಗುಡಾರಗಳಲ್ಲಿ ಬರೆದೆನೋ ಆ ಪದವನ್ನು!
ಪಟ್ಟಿಯೊಂದಿದ್ದರೆ ಸಾಕು,
ಅಂಗಿ ತನ್ನನ್ನು ತಾನೇ ಹೊಲಿದುಕೊಳ್ಳುತ್ತದೆ
ಎಂದು, ಬೇರೆ ಮಾತಿನಲ್ಲಿ, ಸಾರಿಕೊಂಡು ಬಂದೆ.
ಅಣ್ಣನ ಸುದ್ದಿ ಎತ್ತಲಿಲ್ಲ.

ಈಗ ನಗರದಂಚಿನ ದಿಬ್ಬದ ಮೇಲೆ ನನ್ನ ಗುಡಾರ.
ನೀರಿನ ಗೂಡಂಗಡಿಗೆ ಬೆಳಗಾಗುವಾಗಲೇ ಸಾಲು.
ಇವತ್ತು ನನ್ನ ಮುಂದೊಬ್ಬ ಹುಡುಗಿ,
ದಕ್ಷಿಣದ ಕಡೆಯ ಮಾತು,
ಗಾಡಿಯ ಮೇಲೆ ನಲವತ್ತು ಲೀಟರಿನ ಕ್ಯಾನು.
ಯಾರ ಮೊಮ್ಮಗಳೆಂದು ಕೇಳಲು ಬಾಯಿ ಬರಲಿಲ್ಲ.
ಅರ್ಧ ತುಂಬುವಷ್ಟರಲ್ಲಿ ಅವಳ ಕಾರ್ಡಿನ ದುಡ್ಡು ಮುಗಿದು
ನಲ್ಲಿ ನಿಂತಿತು.
ತಿರುಗಿ ನೋಡಿದಳು.
ಕೊರಳಪಟ್ಟಿ ಒಂದು ಮಗ್ಗುಲಿಗೆ ಪೂರಾ ಪಿಸಿದಿತ್ತು.